ಹರೆಯದ ಆಲ್ಬಂಗಳನ್ನು ಮತ್ತೆ ಕೇಳುವುದು ಯಾವುದರಲ್ಲಿ? ಕ್ಯಾಸೆಟ್, ಪ್ಲೇಟು, ಸಿ.ಡಿ., ಫೋನು

ತುಮಕೂರಿನಲ್ಲೋ ಕೋಲಾರದಲ್ಲೋ 1990ರ ಆಸುಪಾಸಿನಲ್ಲಿ ಕಾಲೇಜು ಓದಿದವರ ಮನೆಯ ಅಟ್ಟ ತಡಕಿದರೆ ಒಂದು ರಟ್ಟಿನ ಡಬ್ಬದ ತುಂಬ ಕ್ಯಾಸೆಟ್ ಸಿಗಬಹುದು. ಕೆ.ಜಿ.ಎಫ್‌ನ ಹಳೆಯ ಮನೆಗಳಲ್ಲಾದರೆ ಎಲ್.ಪಿ. (ಗ್ರಾಮಫೋನ್) ಪ್ಲೇಟುಗಳೂ ಸಿಕ್ಕಾವು, ಗಣಿ ಕಾಲೊನಿಯ ಆಂಗ್ಲೋ-ಇಂಡಿಯನ್ ಮನೆಗಳಿಗೆ, ಕ್ಲಬ್ಬುಗಳಿಗೆ ಪಾಶ್ಚಾತ್ಯ ಸಂಗೀತ ಹೊಸದೇನಲ್ಲ. ಅವನ್ನೆಲ್ಲ ಮತ್ತೆ ಕೇಳೋಣ ಅನ್ನಿಸಿದಾಗ ಏಳುವ ಪ್ರಶ್ನೆ ಒಂದೇ: ಟೇಪ್ ರೆಕಾರ್ಡರ್ ರಿಪೇರಿ ಮಾಡಿಸುವುದೋ, ಪ್ಲೇಟು ನುಡಿಸುವ ಟರ್ನ್‌ಟೇಬಲ್ ಕೊಳ್ಳುವುದೋ, ಸಿ.ಡಿ. ಹುಡುಕುವುದೋ, ತಿಂಗಳ ಚಂದಾ ಕಟ್ಟಿ ಫೋನಿನಲ್ಲೇ ಕೇಳುವುದೋ?

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಗಳ ಧೂಳು, ಬಿಸಿಲು, ಕರೆಂಟು, ನೀರು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹೆಚ್ಚಿನವರಿಗೆ ಸರಿಹೊಂದುವುದು 1980–90ರ ದಶಕದ ಹಳೆಯ ಸಿ.ಡಿ. ಹುಡುಕಿ, ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಳುವುದು. ಪ್ಲೇಟು ಆರೈಕೆ ಮಾಡುವ ವ್ಯವಧಾನ ಇರುವವರಿಗೆ. ಕ್ಯಾಸೆಟ್, ಬೇರೆಲ್ಲೂ ಸಿಗದ ಧ್ವನಿಮುದ್ರಣ ಅದರಲ್ಲಿದ್ದರೆ ಮಾತ್ರ. ಫೋನು, ಏನನ್ನು ಕೊಳ್ಳಬೇಕೆಂದು ತೀರ್ಮಾನಿಸುವುದಕ್ಕೆ. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಇನ್ನೊಂದಿದೆ: ನೀವು ಅಂದು ಕೇಳಿದ್ದು ಆ ಆಲ್ಬಂನ ಯಾವ ಆವೃತ್ತಿ?

ಮೊದಲು ಆವೃತ್ತಿ, ಆಮೇಲೆ ಮಾಧ್ಯಮ

ಸ್ಟುಡಿಯೋದಲ್ಲಿ ಬೇರೆಬೇರೆಯಾಗಿ ಹಿಡಿದಿಟ್ಟ ಗಿಟಾರು, ಡ್ರಮ್ಸು, ದನಿಗಳನ್ನು ಹದವಾಗಿ ಬೆರೆಸುವುದು ಮಿಕ್ಸಿಂಗ್. ಬೆರೆಸಿ ಮುಗಿದದ್ದನ್ನು ಪ್ಲೇಟಿಗೋ ಸಿ.ಡಿ.ಗೋ ಒಗ್ಗುವಂತೆ ಮಟ್ಟ ಹೊಂದಿಸುವುದು ಮಾಸ್ಟರಿಂಗ್. ಇದನ್ನು ಸಾರಿಗೆ ಹೋಲಿಸಿದರೆ ಬೇಗ ತಿಳಿಯುತ್ತದೆ. ರೀಮಾಸ್ಟರ್ ಅಂದರೆ ಮಾಡಿಟ್ಟ ಸಾರಿಗೇ ಉಪ್ಪು ಖಾರ ಸರಿಮಾಡಿ ಕುದಿಸುವುದು. ರೀಮಿಕ್ಸ್ ಅಂದರೆ ಅದೇ ಬೇಳೆ, ಅದೇ ಪುಡಿಯಲ್ಲಿ ಸಾರನ್ನೇ ಹೊಸದಾಗಿ ಮಾಡುವುದು. ರೀ-ರೆಕಾರ್ಡಿಂಗ್ ಅಂದರೆ ಸಂತೆಗೆ ಹೋಗಿ ಸಾಮಾನನ್ನೇ ಹೊಸದಾಗಿ ತರುವುದು. ಮೂರಕ್ಕೂ ಹೊದಿಕೆಯ ಚಿತ್ರ ಒಂದೇ ಇರುತ್ತದೆ, ಎಡವುವುದು ಅಲ್ಲೇ.

ಹೆವಿ ಮೆಟಲ್ ಗಾಯಕ ಆಝಿ ಆಸ್ಬೋರ್ನ್‌ನ ಮೊದಲೆರಡು ಆಲ್ಬಂಗಳಾದ 'ಬ್ಲಿಝರ್ಡ್ ಆಫ್ ಆಝ್', 'ಡೈರಿ ಆಫ್ ಎ ಮ್ಯಾಡ್‌ಮನ್' 2002ರಲ್ಲಿ ಮತ್ತೆ ಬಿಡುಗಡೆಯಾದಾಗ ಮೂಲದ ಬೇಸ್ ಗಿಟಾರು, ಡ್ರಮ್ಸನ್ನು ತೆಗೆದು ಬೇರೆಯವರಿಂದ ನುಡಿಸಿ ಸೇರಿಸಲಾಗಿತ್ತು. 2011ರ ಮರುಬಿಡುಗಡೆಯಲ್ಲಿ ಮೂಲದ್ದು ವಾಪಸು ಬಂತು. ಹಳೆಯ ಅಂಗಡಿಯಲ್ಲಿ 2002ರ ಸಿ.ಡಿ. ಕೈಗೆ ಬಂದರೆ ಅದು ನೀವು ಕೇಳಿ ಬೆಳೆದದ್ದಲ್ಲ. ಮೆಗಾಡೆತ್‌ನ 'ರಸ್ಟ್ ಇನ್ ಪೀಸ್' 2004ರಲ್ಲಿ ರೀಮಿಕ್ಸ್ ಆದಾಗಲೂ ಕೆಲವು ಕಡೆ ಗಾಯನವನ್ನು ಮತ್ತೆ ಹಾಡಿ ಸೇರಿಸಿದರು; 1990ರದ್ದೇ ಬೇಕಾದರೆ ಸಿ.ಡಿ.ಯ ಮೇಲಿನ ವರ್ಷ ನೋಡಿಯೇ ಕೊಳ್ಳಬೇಕು.

ಬೀಟಲ್ಸ್ ಆಲ್ಬಂಗಳು ಮೊದಲು ಸಿ.ಡಿ.ಗೆ ಬಂದದ್ದು 1987ರಲ್ಲಿ. ಆಗ ಮೊದಲ ನಾಲ್ಕು ಆಲ್ಬಂ ಮಾನೋದಲ್ಲಷ್ಟೇ (ಎರಡೂ ಕಿವಿಗೆ ಒಂದೇ ಸದ್ದು) ಬಂದವು, 'ಹೆಲ್ಪ್!', 'ರಬ್ಬರ್ ಸೋಲ್' ಎರಡಕ್ಕೂ ನಿರ್ಮಾಪಕ ಜಾರ್ಜ್ ಮಾರ್ಟಿನ್ ಹೊಸ ಸ್ಟೀರಿಯೋ (ಎಡಕ್ಕೆ ಬಲಕ್ಕೆ ಬೇರೆಬೇರೆ ಸದ್ದು) ಮಿಕ್ಸ್ ಮಾಡಿಕೊಟ್ಟಿದ್ದರು. 2009ರಲ್ಲಿ ಎಲ್ಲವೂ ರೀಮಾಸ್ಟರ್ ಆದವು, ಸ್ಟೀರಿಯೋ ಒಂದು ಕಟ್ಟು, ಮಾನೋ ಇನ್ನೊಂದು. 2017ರಲ್ಲಿ 'ಸಾರ್ಜೆಂಟ್ ಪೆಪರ್ಸ್' ಪೂರ್ತಿ ರೀಮಿಕ್ಸ್ ಆಯಿತು. ಹೆಡ್‌ಫೋನ್ ಹಾಕಿಕೊಂಡು ಕೇಳುವವರಿಗೆ 2017ರದ್ದು ಹಿತ. 1967ರ ಸ್ಟೀರಿಯೋದಲ್ಲಿ ಹಾಡುವ ದನಿ ಒಂದೇ ಕಿವಿಗೆ ಅಂಟಿಕೊಂಡಂತಿರುತ್ತದೆ. ಒಂದೇ ಸ್ಪೀಕರಿನ ಟೇಪ್ ರೆಕಾರ್ಡರಿನಲ್ಲಿ ಕೇಳಿದವರ ನೆನಪಿಗೆ ಹತ್ತಿರ ಬರುವುದು ಮಾನೋ.

1990ರ ದಶಕದ ನಡುವಿನಿಂದ ಇನ್ನೊಂದು ರೋಗ ಹಬ್ಬಿತು. ಅಂಗಡಿಯಲ್ಲಿ, ರೇಡಿಯೋದಲ್ಲಿ ತಮ್ಮ ಹಾಡೇ ಜೋರಾಗಿ ಕೇಳಲೆಂದು ಮೆತ್ತಗಿನ ಭಾಗವನ್ನೂ ಜೋರಿನ ಭಾಗವನ್ನೂ ಒಂದೇ ಎತ್ತರಕ್ಕೆ ತುಳಿದು ತುಂಬತೊಡಗಿದರು. ರೆಡ್ ಹಾಟ್ ಚಿಲ್ಲಿ ಪೆಪರ್ಸ್‌ನ 'ಕ್ಯಾಲಿಫೋರ್ನಿಕೇಶನ್' (1999), ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' (2008) ಇದಕ್ಕೆ ಕುಖ್ಯಾತ. ಎಷ್ಟು ಒಳ್ಳೆಯ ಸ್ಪೀಕರ್ ತಂದರೂ ಅಲ್ಲಿ ಕೇಳುವ ಕರಕರ ಹೋಗುವುದಿಲ್ಲ, ಅದು ಮಾಸ್ಟರಿನಲ್ಲೇ ಇದೆ. ಹಳೆಯ ಆಲ್ಬಂಗಳ ಆ ಕಾಲದ ರೀಮಾಸ್ಟರುಗಳಲ್ಲೂ ಇದೇ ಕಾಟ. ಫೂಬಾರ್2000 ಎಂಬ ಉಚಿತ ಪ್ಲೇಯರಿಗೆ ಮೆತ್ತಗಿನ ಭಾಗಕ್ಕೂ ಜೋರಿನ ಭಾಗಕ್ಕೂ ಇರುವ ಅಂತರವನ್ನು, ಅಂದರೆ ಡೈನಮಿಕ್ ರೇಂಜನ್ನು (ಡಿ.ಆರ್.) ಅಳೆಯುವ ಜೋಡಣೆ ಸಿಗುತ್ತದೆ. ಡಿ.ಆರ್. 12 ಅಥವಾ ಹೆಚ್ಚು ಬಂದರೆ ಡ್ರಮ್ಮಿನ ಏಟು ಏಟಾಗಿಯೇ ಕೇಳುತ್ತದೆ. 6ರ ಹತ್ತಿರ ಇಳಿದರೆ ಅರ್ಧ ಗಂಟೆಗೇ ಕಿವಿ ದಣಿಯುತ್ತದೆ. ಈ ಲೆಕ್ಕದಲ್ಲಿ ಪ್ಲೇಟನ್ನೂ ಸಿ.ಡಿ.ಯನ್ನೂ ಪಕ್ಕಪಕ್ಕ ಇಡಬೇಡಿ. ಒಂದೇ ಮಾಸ್ಟರಿನಿಂದ ಬಂದರೂ ಪ್ಲೇಟಿನ ಅಂಕಿ ಎರಡು ಮೂರು ಹೆಚ್ಚು ತೋರಿಸುವುದುಂಟು.

ಎರಡು ಆವೃತ್ತಿ ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡಿಕೊಳ್ಳಲೇಬೇಕು. ಒಂದು ಡೆಸಿಬೆಲ್ ಜೋರಿದ್ದರೂ ಸಾಕು, ಕಿವಿ ಅದನ್ನೇ 'ಚೆನ್ನಾಗಿದೆ' ಎಂದು ಒಪ್ಪಿಬಿಡುತ್ತದೆ. ಜೋರಿರುವುದನ್ನು ಇಳಿಸಿ, ಹಾಡುವ ದನಿ ಎರಡರಲ್ಲೂ ಒಂದೇ ಎತ್ತರಕ್ಕೆ ಬಂದ ಮೇಲೆ ಡ್ರಮ್ಮಿನ ಕಡೆ ಕಿವಿ ಕೊಡಿ. ವ್ಯತ್ಯಾಸ ಅಲ್ಲಿ ಸಿಗುತ್ತದೆ.

ಇನ್ನು ಮೆಟಾಲಿಕಾದ '…ಆ್ಯಂಡ್ ಜಸ್ಟಿಸ್ ಫಾರ್ ಆಲ್' (1988) ಕೇಳಿ ಬೇಸ್ ಕೇಳಿಸುತ್ತಿಲ್ಲ ಎಂದು ಕ್ಯಾಸೆಟ್ಟನ್ನೋ ಸ್ಪೀಕರನ್ನೋ ಬೈಯಬೇಡಿ. ಆ ಆಲ್ಬಂನ ಮಿಕ್ಸಿನಲ್ಲೇ ಬೇಸ್ ಗಿಟಾರನ್ನು ಹೂತುಬಿಟ್ಟಿದ್ದಾರೆ, 2018ರ ರೀಮಾಸ್ಟರಿನಲ್ಲೂ ಹಾಗೆಯೇ ಇದೆ.

ಸಿ.ಡಿ.

1982ರಲ್ಲಿ ಮಾರುಕಟ್ಟೆಗೆ ಬಂದ ಈ ತಟ್ಟೆ 44.1 ಕಿಲೋಹರ್ಟ್ಸ್, 16 ಬಿಟ್ ಲೆಕ್ಕದಲ್ಲಿ ಹಾಡು ಹಿಡಿದಿಡುತ್ತದೆ. ಮನುಷ್ಯರ ಕಿವಿಗೆ ಅಷ್ಟು ಸಾಕು. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ, ಹಳೆ ಪುಸ್ತಕದ ಅಂಗಡಿಗಳಲ್ಲಿ ಇನ್ನೂ ಸಿಗುತ್ತವೆ. ಒಂದು ಹೊಸ ಆಮದು ಪ್ಲೇಟಿನ ದುಡ್ಡಿಗೆ ಐದಾರು ಹಳೆಯ ಸಿ.ಡಿ. ಬರುವುದು ಕಷ್ಟವಲ್ಲ.

ಕೊಳ್ಳುವ ಮೊದಲು ತಿರುವಿ ನೋಡಿ. ಹಾಡಿರುವ ಕಡೆ ಬೆಳ್ಳಿ ಬಣ್ಣವಿದ್ದರೆ ಕಾರ್ಖಾನೆಯಲ್ಲಿ ಒತ್ತಿದ್ದು. ಹಸಿರು, ನೀಲಿ, ನೇರಳೆ ಛಾಯೆ ಹೊಡೆದರೆ ಯಾರೋ ಕಂಪ್ಯೂಟರಿನಲ್ಲಿ ಸುಟ್ಟದ್ದು, ಅದರೊಳಗೆ ಎಂ.ಪಿ.3 ಹಾಡುಗಳೇ ಇರಬಹುದು, ಜೊತೆಗೆ ಆ ಬಣ್ಣವೇ ಕಾಲಕ್ರಮದಲ್ಲಿ ಮಾಸಿ ತಟ್ಟೆ ಓದದಂತಾಗುತ್ತದೆ. ಆಮೇಲೆ ತಟ್ಟೆಯನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಿರಿ. ಸೂಜಿ ಚುಚ್ಚಿದಂತೆ ಬೆಳಕಿನ ಚುಕ್ಕೆ ಹಲವು ಕಂಡರೆ ಒಳಗಿನ ಅಲ್ಯೂಮಿನಿಯಂ ಪದರ ತೂತಾಗಿದೆ, ಬಿಟ್ಟುಬಿಡಿ. ಗೀರು ಯಾವ ಕಡೆ ಇದೆ ಎನ್ನುವುದೂ ಮುಖ್ಯ. ಕೆಳಗಿನ ಗೀರಿಗೆ ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪದ ಪ್ಲಾಸ್ಟಿಕ್ ಅಡ್ಡ ಇದೆ, ಹೆಚ್ಚಿನವು ಲೆಕ್ಕಕ್ಕಿಲ್ಲ. ಹೆಸರು ಅಚ್ಚಾದ ಕಡೆ ಹಾಡಿನ ಪದರದ ಮೇಲೆ ಇರುವುದು ತೆಳ್ಳನೆ ವಾರ್ನಿಷ್ ಅಷ್ಟೇ. ಅಲ್ಲಿ ಆಳವಾಗಿ ಕೆರೆದಿದ್ದರೆ ಹಾಡೇ ಹೋಗಿರುತ್ತದೆ.

ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ, ಚಕ್ರಾಕಾರದಲ್ಲಿ ಬೇಡ. ಅಡ್ಡ ಗೀರು ಬಿದ್ದರೆ ಪ್ಲೇಯರ್ ತಿದ್ದಿಕೊಳ್ಳುತ್ತದೆ, ಹಾಡಿನ ದಾರಿಯ ಉದ್ದಕ್ಕೇ ಗೀರು ಬಿದ್ದರೆ ತಿದ್ದಿಕೊಳ್ಳಲು ಆಗುವುದಿಲ್ಲ.

ಮನೆಗೆ ತಂದ ದಿನವೇ ಕಂಪ್ಯೂಟರಿಗೆ ಇಳಿಸಿಡಿ. ವಿಂಡೋಸಿಗೆ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕಿಗೆ ಎಕ್ಸ್.ಎಲ್.ಡಿ. ಎಂಬ ಉಚಿತ ತಂತ್ರಾಂಶಗಳಿವೆ. ಅದೇ ಸಿ.ಡಿ.ಯನ್ನು ಬೇರೆಯವರು ಇಳಿಸಿಕೊಂಡಾಗ ಬಂದ ಫಲಿತಾಂಶದ ಜೊತೆ ನಿಮ್ಮದನ್ನು ತಾಳೆ ನೋಡುವ ಆ್ಯಕ್ಯುರೇಟ್‌ರಿಪ್ ಸೌಲಭ್ಯವನ್ನು ಆನ್ ಮಾಡಿಕೊಳ್ಳಿ. ತಾಳೆಯಾಯಿತೆಂದರೆ ಒಂದು ಬಿಟ್ಟೂ ತಪ್ಪಿಲ್ಲ. ಸದ್ದಿನಲ್ಲಿ ಏನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಒಂದು ಆಲ್ಬಂ ಸುಮಾರು 300–400 ಎಂ.ಬಿ. ಆಗುತ್ತದೆ, 64 ಜಿ.ಬಿ. ಮೆಮೊರಿ ಕಾರ್ಡಿಗೆ ನೂರೈವತ್ತರ ಹತ್ತಿರ ಹಿಡಿಯುತ್ತದೆ. ಎರಡು ಕಡೆ ಪ್ರತಿ ಇಡಿ.

ಉದ್ದದ ವಿಷಯದಲ್ಲೂ ಸಿ.ಡಿ.ಯೇ ಮುಂದು. ಡೈರ್ ಸ್ಟ್ರೇಟ್ಸ್‌ನ 'ಬ್ರದರ್ಸ್ ಇನ್ ಆರ್ಮ್ಸ್' (1985) ಒಂದು ಪ್ಲೇಟಿನಲ್ಲಿ ಹಿಡಿಸಲೆಂದು ಹಾಡುಗಳನ್ನು ಕತ್ತರಿಸಿದ್ದರು. 'ವೈ ವರಿ' ಸಿ.ಡಿ.ಯಲ್ಲಿ ಎಂಟೂವರೆ ನಿಮಿಷ, ಅಂದಿನ ಪ್ಲೇಟಿನಲ್ಲಿ ಐದು ನಿಮಿಷ ಚಿಲ್ಲರೆ. ಪ್ಲೇಟಿನಲ್ಲೇ ಪೂರ್ತಿ ಬೇಕಾದರೆ ಈಚಿನ ಎರಡು ಪ್ಲೇಟಿನ ಮರುಮುದ್ರಣ ನೋಡಬೇಕು.

ಕ್ಯಾಸೆಟ್ಟಿನಿಂದ ನೇರ ಸಿ.ಡಿ.ಗೆ ಬಂದವರಿಗೆ 'ಇದು ಚುಚ್ಚುತ್ತದೆ' ಅನ್ನಿಸುವುದು ಸಹಜ. ಮಾಮೂಲಿ ಫೆರಿಕ್ ಟೇಪು, ಅದರಲ್ಲೂ ನೂರು ಸಲ ಓಡಿದ್ದು, ಸಿಂಬಲ್ಲಿನ (ಡ್ರಮ್ಸಿನ ಜೊತೆಯ ಲೋಹದ ತಟ್ಟೆ) ಮೇಲಿನ ಮಿಂಚನ್ನು ಸವೆಸಿಬಿಟ್ಟಿರುತ್ತದೆ. ನಿಮ್ಮ ನೆನಪಿನಲ್ಲಿ ಕೂತಿರುವುದು ಆ ಸವೆದ ಸದ್ದು. ಸಿ.ಡಿ. ಬದಲಿಸಬೇಕಿಲ್ಲ. ಆ್ಯಂಪ್ಲಿಫೈಯರಿನ ಟ್ರೆಬಲ್ ಎರಡು ಮೂರು ಡೆಸಿಬೆಲ್ ಇಳಿಸಿ ಒಂದು ವಾರ ಕೇಳಿ, ಆಮೇಲೆ ಮೆಲ್ಲಗೆ ಏರಿಸಿಕೊಳ್ಳಿ.

ಕ್ಯಾಸೆಟ್

ಸಿ.ಡಿ.ಯಲ್ಲೂ ಫೋನಿನಲ್ಲೂ ಸಿಗುವ ಆಲ್ಬಂಗಾಗಿ ಟೇಪ್ ರೆಕಾರ್ಡರ್ ಎಬ್ಬಿಸುವ ಶ್ರಮಕ್ಕೆ ಫಲ ಕಡಿಮೆ. ಆದರೆ ಗೆಳೆಯರು ಹಾಡು ಆಯ್ದು ತುಂಬಿಕೊಟ್ಟ ಕ್ಯಾಸೆಟ್, ಕಾಲೇಜು ಬ್ಯಾಂಡಿನ ರೆಕಾರ್ಡಿಂಗ್, ಎಲ್ಲೂ ಮರುಬಿಡುಗಡೆಯಾಗದ ಆಲ್ಬಂ ಇದ್ದರೆ ತಡ ಮಾಡಬೇಡಿ, ಕಂಪ್ಯೂಟರಿಗೆ ಇಳಿಸಿ. ಪೇಟೆಯಲ್ಲಿ ಸಿಗುವ ಅಗ್ಗದ ಯು.ಎಸ್.ಬಿ. ಕ್ಯಾಸೆಟ್ ಪ್ಲೇಯರುಗಳಲ್ಲಿ ಸದ್ದು ತೂಗಾಡುತ್ತದೆ, ಅವು ಬೇಡ. ಹಳೆಯ ಟೇಪ್ ಡೆಕ್ಕೇ ಮೇಲು.

ಕ್ಯಾಸೆಟ್ಟಿನ ಬಾಯಿಯ ನಡುವೆ ತಾಮ್ರದ ಸಣ್ಣ ಪಟ್ಟಿ, ಅದರ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಬಟ್ಟೆಯ ಮೆತ್ತೆ ಇರುತ್ತದೆ. ರೀಲನ್ನು ಅದರ ಮೇಲಿನ ಹಾಡು ಓದುವ ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಮೂವತ್ತು ವರ್ಷದ ಬಿಸಿಲಿಗೆ ಅಂಟು ಒಣಗಿ ಮೆತ್ತೆ ಉದುರಿದ್ದರೆ ಹಾಡು ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ, ಒಂದು ಕಡೆಯ ಸ್ಪೀಕರ್ ಬಂದು ಬಂದು ಹೋಗುತ್ತದೆ. ರೀಲು ಹಾಳಾಯಿತೆಂದು ಎಸೆಯುವ ಮೊದಲು ಇದನ್ನು ನೋಡಿ. ಐದು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ರೀಲುಗಳನ್ನು ವರ್ಗಾಯಿಸಿದರೆ ಸರಿಹೋಗುತ್ತದೆ. ಸ್ಕ್ರೂ ಇಲ್ಲದೆ ಅಂಟಿಸಿದ ಚಿಪ್ಪಾದರೆ ಕೂಡುಗೆರೆಯ ಮೇಲೆ ಬ್ಲೇಡಾಡಿಸಿ ಬಿಡಿಸಬೇಕು.

ರೀಲಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಹಾಗೆಯೇ ಹಾಕಿದರೆ ಡೆಕ್ಕಿಗೂ ಅಂಟಿ ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಬೂಷ್ಟು ಇಲ್ಲದಿದ್ದರೆ ಕೇಳುವ ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಸಿ-120 (ಎರಡೂ ಬದಿ ಸೇರಿ 120 ನಿಮಿಷ) ಕ್ಯಾಸೆಟ್ಟುಗಳ ರೀಲು 9 ಮೈಕ್ರಾನ್ ಅಷ್ಟೇ ದಪ್ಪ, ಸಿ-60ರ ಅರ್ಧ. ಅವನ್ನು ಫಾಸ್ಟ್ ಫಾರ್ವರ್ಡ್ ಮಾಡದೆ ಪ್ಲೇ ಒತ್ತಿಯೇ ಕೊನೆ ಮುಟ್ಟಿಸಿ.

ಡೆಕ್ಕಿನ ಒಳಗೆ ಮೊದಲು ನೋಡಬೇಕಾದ್ದು ರಬ್ಬರ್ ಬೆಲ್ಟು. ಹಳೆಯ ಬೆಲ್ಟು ಡಾಂಬರಿನಂತೆ ಕರಗಿ ಗಾಲಿಗೆ ಮೆತ್ತಿಕೊಂಡಿರುವುದು ಮಾಮೂಲು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ತೆಗೆದು, ಹೊಸದನ್ನು ಹಿಗ್ಗಿದ ಹಳೆಯ ಬೆಲ್ಟಿನ ಸುತ್ತಳತೆಗಿಂತ ಶೇ. 5ರಷ್ಟು ಚಿಕ್ಕದು ತನ್ನಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಹೆಡ್ಡು, ಅದರ ಪಕ್ಕದ ಉಕ್ಕಿನ ಕಡ್ಡಿ, ರಬ್ಬರ್ ಗಾಲಿಯನ್ನೂ ಅದೇ ಆಲ್ಕೊಹಾಲಿನಿಂದ ಒರೆಸಿ. ಶೇ. 99ರದ್ದೇ ಆಗಬೇಕು. ಸ್ಯಾನಿಟೈಸರಿನಲ್ಲಿ ನೀರು, ಗ್ಲಿಸರಿನ್ ಇರುತ್ತದೆ, ಹೆಡ್ಡಿನ ಮೇಲೆ ಜಿಡ್ಡು ಕೂರುತ್ತದೆ.

ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಸುತ್ತಿದ ಒಂದು ಸ್ಕ್ರೂ ಇದೆ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಆ ಕಡೆ ಈ ಕಡೆ ಕಾಲು ಸುತ್ತು ಮೀರದಂತೆ ತಿರುಗಿಸಿ, ಸಿಂಬಲ್ ಅತಿ ಸ್ಪಷ್ಟವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದು ಬೇರೆ. ಎಷ್ಟೋ ಸಲ ಈ ಒಂದೇ ಕೆಲಸಕ್ಕೆ ಮಂಕಾದ ಕ್ಯಾಸೆಟ್ ಜೀವ ತಳೆಯುತ್ತದೆ. ಡಾಲ್ಬಿ (ಟೇಪಿನ ಸುಯ್‌ಗುಟ್ಟುವ ಸದ್ದು ತಗ್ಗಿಸುವ ವಿಧಾನ) ಗುರುತಿಲ್ಲದ ಕ್ಯಾಸೆಟ್ಟಿಗೆ ಡಾಲ್ಬಿ ಗುಂಡಿ ಒತ್ತಬೇಡಿ, ಇನ್ನಷ್ಟು ಮಂಕಾಗುತ್ತದೆ.

ಡೆಕ್ಕಿನ ಲೈನ್-ಔಟಿನಿಂದ ಯು.ಎಸ್.ಬಿ. ಸೌಂಡ್ ಕಾರ್ಡಿನ ಲೈನ್-ಇನ್‌ಗೆ ತಂತಿ ಹಾಕಿ. ಲ್ಯಾಪ್‌ಟಾಪಿನ ಮೈಕ್ ತೂತು ಮಾಮೂಲಿಯಾಗಿ ಮಾನೋ, ಅದಕ್ಕೆ ಹಾಕಿದರೆ ಸದ್ದು ಒಡೆಯುತ್ತದೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 24 ಬಿಟ್, 44.1 ಕಿಲೋಹರ್ಟ್ಸ್ ಇಟ್ಟು, ಜೋರಿನ ಜಾಗದಲ್ಲೂ ಮುಳ್ಳು ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಕೊನೆಗೆ ವೇಗ: 4 ನಿಮಿಷದ ಹಾಡು 4 ನಿಮಿಷ 7 ಸೆಕೆಂಡ್ ಬಂದರೆ ಡೆಕ್ಕು ಶೇ. 3ರಷ್ಟು ನಿಧಾನ, ಅಂದರೆ ಶ್ರುತಿ ಅರ್ಧ ಸ್ವರಸ್ಥಾನದಷ್ಟು ಇಳಿದಿದೆ. ಅಡಾಸಿಟಿಯಲ್ಲೇ ವೇಗ ತಿದ್ದಬಹುದು.

ಪ್ಲೇಟು

ನೋಡಲು ಚೆಂದ, ಹೊದಿಕೆಯನ್ನು ಕೈಯಲ್ಲಿ ಹಿಡಿದು ಓದುವ ಸುಖವೇ ಬೇರೆ. ಆದರೆ ನಮ್ಮ ಸೀಮೆಯ ಹವೆಯಲ್ಲಿ ಇದು ಸಾಕಿದ ಹಸುವಿನಂತೆ ದಿನವೂ ಆರೈಕೆ ಕೇಳುತ್ತದೆ.

ಮೊದಲನೆಯದು ನೀರು. ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿ ನೀರಿನಲ್ಲಿ ತೊಳೆದ ಸ್ಟೀಲ್ ಲೋಟ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದಲ್ಲ, ಅದೇ ಸುಣ್ಣ ಪ್ಲೇಟಿನ ಗೆರೆಯೊಳಗೆ ಕೂತರೆ ಮುಳ್ಳಿಗೆ ಪ್ರತಿ ಹರಳೂ 'ಟಪ್' ಎಂದು ಕೇಳುತ್ತದೆ. ಆದ್ದರಿಂದ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಿ. ಒಂದು ಲೀಟರಿಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ದ್ರಾವಣ, ಮೆತ್ತನೆಯ ಬ್ರಷ್ಷಿನಲ್ಲಿ ಗೆರೆಯ ಗುಂಟ ಉಜ್ಜಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಜಾಲಿಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ನಡುವಿನ ಕಾಗದ ನೆನೆಯಬಾರದು. ಅಜ್ಜನ ಕಾಲದ 78 ಆರ್.ಪಿ.ಎಂ. ಪ್ಲೇಟುಗಳನ್ನು ಆಲ್ಕೊಹಾಲಿನಿಂದ ಮುಟ್ಟಲೇಬೇಡಿ, ಅವು ಅರಗಿನವು, ಕರಗುತ್ತವೆ.

ಎರಡನೆಯದು ಕರೆಂಟು. ವಿದೇಶದಿಂದ ಸಂಬಂಧಿಕರು ತಂದುಕೊಟ್ಟ ಅಮೆರಿಕದ ಹಳೆಯ ಟರ್ನ್‌ಟೇಬಲ್ 110 ವೋಲ್ಟಿನದು. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿದರೂ, ಅದರ ಎ.ಸಿ. ಮೋಟಾರು ಅಲ್ಲಿನ 60 ಹರ್ಟ್ಸಿಗೆ ಮಾಡಿದ್ದಾದರೆ ನಮ್ಮ 50 ಹರ್ಟ್ಸಿನಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು 27.8 ಸುತ್ತಷ್ಟೇ ತಿರುಗುತ್ತದೆ. ಡಿ.ಸಿ. ಮೋಟಾರಿನವಕ್ಕೆ ಈ ತೊಂದರೆ ಇಲ್ಲ. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಸ್ಪೀಕರ್ ಗುಂಯ್‌ಗುಡುತ್ತದೆ; ಟರ್ನ್‌ಟೇಬಲ್ಲಿನಿಂದ ಬರುವ ಬಿಡಿ ತಂತಿಯನ್ನು ಆ್ಯಂಪಿನ ಗ್ರೌಂಡ್ ಸ್ಕ್ರೂಗೆ ಬಿಗಿದು ನೋಡಿ. ಪ್ಲೇಟಿನ ಸಣ್ಣ ಸದ್ದನ್ನು ಎತ್ತಿಕೊಡುವ ಫೋನೋ ಪ್ರೀಆ್ಯಂಪ್ ಇಲ್ಲದೆ ನೇರ ಜೋಡಿಸಿದರೆ ಸದ್ದು ಸೊಳ್ಳೆಯಂತೆ ಸಣ್ಣಗೆ ಬರುತ್ತದೆ.

ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರುಗಳ ಮುಳ್ಳು ಪ್ಲೇಟಿನ ಮೇಲೆ 5 ಗ್ರಾಂ ಆಸುಪಾಸಿನ ಭಾರ ಹಾಕುತ್ತದೆ. ಒಳ್ಳೆಯ ಕಾರ್ಟ್ರಿಜ್ಜಿಗೆ (ಮುಳ್ಳು ಕೂರುವ ಗೂಡು) ಬೇಕಾದದ್ದು 1.5ರಿಂದ 2 ಗ್ರಾಂ. ಹಿಂದಿನ ತೂಕದ ಬಿಲ್ಲೆ ತಿರುಗಿಸಿ ಭಾರ ಹೊಂದಿಸುವ ಸೌಲಭ್ಯ ಇಲ್ಲದ ಯಂತ್ರಕ್ಕೆ ಕೆ.ಜಿ.ಎಫ್‌ನ ಹಳೆಯ ಮನೆಯಲ್ಲಿ ಸಿಕ್ಕ ಅಪರೂಪದ ಪ್ಲೇಟು ಕೊಡಬೇಡಿ.

ಪ್ಲೇಟಿನ ಪ್ರತಿ ಬದಿಯ ಕೊನೆಯ ಹಾಡು ಒಡೆದಂತೆ ಕೇಳಿದರೆ ಅದಕ್ಕೆ ಕಾರಣವಿದೆ. ಸುತ್ತಿನ ವೇಗ ಒಂದೇ ಇದ್ದರೂ ಒಳಗಿನ ವೃತ್ತ ಚಿಕ್ಕದು, ಅಷ್ಟೇ ಹೊತ್ತಿನ ಸದ್ದನ್ನು ಹೊರಗಿನ ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಕೆತ್ತಿರುತ್ತಾರೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಶೀಟಿನ ಮನೆಯ ಅಟ್ಟದಲ್ಲೋ ಕಾರಿನ ಸೀಟಿನ ಮೇಲೋ ಇಟ್ಟ ಪ್ಲೇಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಕ್ರಷರ್ ಧೂಳು ಬರುವ ಊರುಗಳಲ್ಲಿ ಮುಚ್ಚಳ ಹಾಕಿಯೇ ನುಡಿಸಿ.

ಫೋನು

ಒಂದು ಆಲ್ಬಂ ಮತ್ತೆ ಕೇಳುವಷ್ಟು ಇಷ್ಟವಾಗುತ್ತದೋ ಇಲ್ಲವೋ ನೋಡಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. 320 ಕೆ.ಬಿ.ಪಿ.ಎಸ್.ನಲ್ಲಿ 45 ನಿಮಿಷದ ಆಲ್ಬಂ ಸುಮಾರು 108 ಎಂ.ಬಿ. ತಿನ್ನುತ್ತದೆ, ಪಾವಗಡ, ಬಾಗೇಪಲ್ಲಿ ಕಡೆ ಹೊರಟಿದ್ದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಲಾಸ್‌ಲೆಸ್ (ಸದ್ದಿನಲ್ಲಿ ಏನೂ ಕಳೆಯದ) ಚಂದಾ ಕಟ್ಟಿ ಬ್ಲೂಟೂತಿನಲ್ಲಿ ಕೇಳಿದರೆ ದಾರಿಯಲ್ಲೇ ಮತ್ತೆ ಕುಗ್ಗುತ್ತದೆ, ತಂತಿ ಬೇಕು. ತೊಡಕಿರುವುದು ಆವೃತ್ತಿಯಲ್ಲೇ: ಅಲ್ಲಿ ಯಾವ ಮಾಸ್ಟರ್ ಇರಬೇಕೆಂದು ತೀರ್ಮಾನಿಸುವುದು ಕಂಪನಿ, ನಾಳೆ ಬದಲಾದರೂ ನಿಮಗೆ ಗೊತ್ತಾಗುವುದಿಲ್ಲ. ಹಾಡಿನ ಹೆಸರಿನ ಜೊತೆ ಕೊಟ್ಟಿರುವ ವರ್ಷ, ಹಾಡಿನ ಉದ್ದ ಎರಡನ್ನೂ ಹಳೆಯ ಹೊದಿಕೆಯ ಜೊತೆ ತಾಳೆ ನೋಡಿ.

ಅಂದು ಕೇಳದೆ ಉಳಿದವು

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದಾಗ ಹೋದವರೂ ಆ ತಂಡಗಳ ಒಂದೆರಡು ಆಲ್ಬಂ ಆಚೆ ದಾಟಿರಲಿಕ್ಕಿಲ್ಲ. ಮುಂದೆ ಏನು ಕೇಳಬೇಕೆಂಬುದಕ್ಕೆ ಫೋನಿನ ಶಿಫಾರಸಿಗಿಂತ ಹೊದಿಕೆಯ ಹಿಂದಿನ ಸಣ್ಣ ಅಕ್ಷರ ಒಳ್ಳೆಯ ದಾರಿ ತೋರುತ್ತದೆ. ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಧ್ವನಿಮುದ್ರಿಸಿದ ಎಂಜಿನಿಯರ್ ಅಲನ್ ಪಾರ್ಸನ್ಸ್. ಅವರು ಆಮೇಲೆ ಕಟ್ಟಿದ ಅಲನ್ ಪಾರ್ಸನ್ಸ್ ಪ್ರಾಜೆಕ್ಟ್‌ನ ಆಲ್ಬಂಗಳಲ್ಲಿ ಅದೇ ಅಚ್ಚುಕಟ್ಟು ಕೇಳುತ್ತದೆ. ಯು2ವಿನ 'ದ ಜೋಶುವಾ ಟ್ರೀ' (1987) ಇಷ್ಟವಾಗಿದ್ದರೆ, ಅದರ ನಿರ್ಮಾಪಕರಲ್ಲೊಬ್ಬರಾದ ಬ್ರಯನ್ ಈನೋ ನಿರ್ಮಿಸಿದ ಟಾಕಿಂಗ್ ಹೆಡ್ಸ್‌ನ 'ರಿಮೇನ್ ಇನ್ ಲೈಟ್' (1980) ಹಿಡಿಯಿರಿ. ತಂಡದ ಹಿಂದೆ ಹೋದರೆ ಅದದೇ ಸಿಗುತ್ತದೆ, ಎಂಜಿನಿಯರ್ ಮತ್ತು ನಿರ್ಮಾಪಕರ ಹಿಂದೆ ಹೋದರೆ ಹೊಸ ಊರು ಸಿಗುತ್ತದೆ.

ಕೇಳಲು ಕೂರುವ ಮೊದಲು

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಕೇಳುವುದಾದರೆ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವುದು), ಆಟೋಪ್ಲೇ, ಶಫಲ್ ಮೂರನ್ನೂ ಆಫ್ ಮಾಡಿ, ಹಾಡುಗಳ ನಡುವೆ ಬಿಡುವು ಬರದಂತೆ ನೋಡಿಕೊಳ್ಳುವ ಗ್ಯಾಪ್‌ಲೆಸ್ ಆನ್ ಮಾಡಿ. ಇಲ್ಲದಿದ್ದರೆ ಒಂದಕ್ಕೊಂದು ಬೆಸೆದ ಹಾಡುಗಳ ನಡುವೆ 'ಟಕ್' ಎಂದು ತುಂಡಾಗುತ್ತದೆ.

ಬದಿ ತಿರುಗಿಸುವ ಜಾಗ ಎಲ್ಲಿತ್ತೆಂದು ಮೊದಲೇ ನೋಡಿಟ್ಟುಕೊಳ್ಳಿ. ಹಳೆಯ ಕ್ಯಾಸೆಟ್ಟಿನ ಹೊದಿಕೆಯನ್ನು ಇದಕ್ಕೆ ನಂಬಬೇಡಿ. ಎರಡೂ ಬದಿಯ ರೀಲು ಸಮವಾಗಲೆಂದು ಹಾಡುಗಳ ಕ್ರಮ ಬದಲಿಸುತ್ತಿದ್ದುದುಂಟು. ಪ್ಲೇಟಿನ ಕ್ರಮ ನೋಡಿ. ಬೀಟಲ್ಸ್‌ನ 'ಅಬೀ ರೋಡ್'ನ (1969) ಮೊದಲ ಬದಿ ಮುಗಿಯುವುದು ಎಂಟು ನಿಮಿಷದ ಭಾರವಾದ ಗಿಟಾರ್ ಹಾಡಿನಿಂದ, ಅದೂ ಕತ್ತರಿಯಲ್ಲಿ ಕತ್ತರಿಸಿದಂತೆ ನಡುವೆಯೇ ನಿಂತುಬಿಡುತ್ತದೆ. ಎರಡನೆಯ ಬದಿ ತೆರೆಯುವುದು ಬೆಳಗಿನ ಬಿಸಿಲಿನಂಥ ಹಗುರ ಹಾಡಿನಿಂದ. ಸಿ.ಡಿ.ಯಲ್ಲಿ, ಫೋನಿನಲ್ಲಿ ಇವೆರಡರ ನಡುವೆ ಉಸಿರಾಡುವಷ್ಟೂ ಬಿಡುವಿಲ್ಲ. ಅಲ್ಲಿ ಪಾಜ್ ಒತ್ತಿ, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಮುಂದಿನ ಹಾಡು ಹಾಕಿ.